ಗೇಟಿನ ಆಚೆ ತೋಟ: ಕಲ್ಕೀಲಿಯ ಕಡೆ ಆರು ದಿನ

2019ರ ಅಕ್ಟೋಬರ್ ಕೊನೆ ವಾರ ಹೋಗಿ ಬಂದದ್ದು, ಆಗ ಡೈರಿಯಲ್ಲಿ ಗೀಚಿಟ್ಟದ್ದನ್ನು ಈಗ ಕೂತು ಟೈಪ್ ಮಾಡ್ತಾ ಇದ್ದೇನೆ. ನಾನು ಉಳಿದುಕೊಂಡ ಊರಿನ ಹೆಸರು ಬರೆಯುದಿಲ್ಲ, ಮನೆಯವರ ಹೆಸರೂ ಬರೆಯುದಿಲ್ಲ, ಅವರಿಗೆ ತಮ್ಮ ತೋಟಕ್ಕೆ ಹೋಗ್ಲಿಕ್ಕೆ ಬೇಕಾದ ಪರ್ಮಿಟ್‌ಗೆ ನನ್ನಿಂದ ಒಂದು ಸಣ್ಣ ತೊಂದರೆ ಕೂಡ ಆಗ್ಬಾರ್ದು. ಇಸ್ರೇಲಿನ ಹಿಡಿತದಲ್ಲಿರುವ ಪ್ಯಾಲೆಸ್ತೀನಿಯರ ವೆಸ್ಟ್ ಬ್ಯಾಂಕಿನಲ್ಲಿ, ಕಲ್ಕೀಲಿಯ ಜಿಲ್ಲೆಯ ಒಂದು ಹಳ್ಳಿ ಅಂತ ತಿಳ್ಕೊಂಡ್ರೆ ಸಾಕು.

ದಿನ 1

ದೆಲ್ಲಿಯಿಂದ ಟೆಲ್ ಅವೀವ್‌ಗೆ ಏರ್ ಇಂಡಿಯಾದ ಡೈರೆಕ್ಟ್ ಫ್ಲೈಟಲ್ಲಿ ಹೋದದ್ದು. ನನ್ನ ದೊಡ್ಡಮ್ಮನ ಮಗಳು ಅಕ್ಕ ಐದು ವರ್ಷದಿಂದ ಅಲ್ಲಿ ಕ್ಫಾರ್ ಸಬಾ ಅಂತ ಒಂದು ಪೇಟೆಯಲ್ಲಿ ಒಬ್ಬರು ವಯಸ್ಸಾದ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸದಲ್ಲಿ ಇದ್ದಾಳೆ, ನಮ್ಮ ಮಂಗಳೂರು ಉಡುಪಿ ಕಡೆಯವರು ಈ ಕೇರ್‌ಗಿವರ್ ಕೆಲಸಕ್ಕೆ ಸುಮಾರು ಜನ ಅಲ್ಲಿಗೆ ಹೋಗಿದ್ದಾರೆ ಅಂತ ನಿಮಗೂ ಗೊತ್ತಿರಬಹುದು. ಅವಳನ್ನು ನೋಡುದು ಒಂದು ಕಾರಣ. ಇನ್ನೊಂದು, ನನ್ನೊಟ್ಟಿಗೆ ಕೆಲಸ ಮಾಡ್ತಿದ್ದ ಸ್ವೀಡನ್ನಿನ ಒಬ್ಬ ಗೆಳೆಯ ಅಲ್ಲಿ ಮೂರು ತಿಂಗಳು ವಾಲಂಟಿಯರ್ ಆಗಿ ಇದ್ದವ, ಆಲಿವ್ ಕೊಯ್ಲಿಗೆ ಕೈ ಬೇಕು, ನೀನು ತೋಟದ ಮನೆಯವ, ಹೋಗಿ ಬಾ ಅಂತ ಒಂದು ಮನೆಯ ನಂಬರ್ ಕೊಟ್ಟಿದ್ದ.

ಮ್ಯಾಪಲ್ಲಿ ನೋಡಿದ್ರೆ ಕ್ಫಾರ್ ಸಬಾದಿಂದ ಕಲ್ಕೀಲಿಯಕ್ಕೆ ಐದು ಕಿಲೋಮೀಟರ್ ಕೂಡ ಇಲ್ಲ. ಆದ್ರೆ ನಡುವೆ ಇಸ್ರೇಲ್ ಕಟ್ಟಿದ ಗೋಡೆ ಉಂಟು, ನಾನು ಹೋದದ್ದು ಹೇಗೆ ಅಂದ್ರೆ ಮೊದಲು ಜೆರುಸಲೇಮ್, ಅಲ್ಲಿ ಡಮಾಸ್ಕಸ್ ಗೇಟ್ ಹತ್ತಿರದಿಂದ 218 ನಂಬರ್ ಬಸ್ ಹಿಡಿದು ಕಲಂದಿಯ ಚೆಕ್‌ಪಾಯಿಂಟ್ ದಾಟಿ ರಮಲ್ಲಾ, ಅಲ್ಲಿಂದ ಹಳದಿ ಬಣ್ಣದ ಸರ್ವೀಸ್ ವ್ಯಾನಲ್ಲಿ ಕಲ್ಕೀಲಿಯ, ಅಲ್ಲಿಂದ ಇನ್ನೊಂದು ವ್ಯಾನ್. ಬೆಳಿಗ್ಗೆ ಹೊರಟವ ಹಳ್ಳಿ ಮುಟ್ಟುವಾಗ ಸಂಜೆ ಆಯ್ತು. ಮನೆಯ ಯಜಮಾನರಿಗೆ ಎಪ್ಪತ್ತು ದಾಟಿದೆ, ಎಲ್ಲರೂ ಹಾಜಿ ಅಂತ ಕರೆಯುದು, ಅವರ ಹೆಂಡತಿಗೆ ಹಜ್ಜೆ. ಬಾಗಿಲಲ್ಲೇ ಕೈ ಹಿಡಿದು ಕೂರಿಸಿ ಮರಮಿಯ್ಯ ಅಂತ ಒಂದು ಎಲೆ ಹಾಕಿದ ಚಹಾ ಕೊಟ್ರು. ಅವರ ಎರಡನೇ ಮಗ ಇಂಗ್ಲಿಷ್ ಚೆನ್ನಾಗಿ ಮಾತಾಡ್ತಾನೆ, ನನ್ನ ಮಾತೆಲ್ಲ ಅವನ ಮೂಲಕವೇ ಆದದ್ದು.

ದಿನ 2

ಬೆಳಿಗ್ಗೆ ಮಗ ನನ್ನನ್ನು ಕಲ್ಕೀಲಿಯ ಪೇಟೆಗೆ ಕರ್ಕೊಂಡು ಹೋದ, ಗೋಡೆ ನೋಡ್ಲಿಕ್ಕೆ. ಐವತ್ತು ಸಾವಿರ ಜನ ಇರುವ ಪೇಟೆ, ಪಶ್ಚಿಮಕ್ಕೆ ಎಂಟು ಮೀಟರ್ ಎತ್ತರದ ಕಾಂಕ್ರೀಟ್ ಗೋಡೆ, ಉಳಿದ ಕಡೆ ಬೇಲಿ. ದಕ್ಷಿಣದ ಹಬ್ಲ ಅನ್ನುವ ಊರಿಗೆ ಹೋಗ್ಬೇಕಾದ್ರೆ ರಸ್ತೆ ಅಡಿಯ ಸುರಂಗದಲ್ಲಿ ಹೋಗ್ಬೇಕು. ಗೋಡೆ ಬುಡದಲ್ಲಿ ಪೇರಳೆ ತೋಟಗಳುಂಟು, ಕಲ್ಕೀಲಿಯದ ಪೇರಳೆ ಅಂದ್ರೆ ಆ ಕಡೆ ಹೆಸರುವಾಸಿ, ಮಾರ್ಕೆಟ್ ಇಡೀ ಅದೇ ಪರಿಮಳ. ಗೋಡೆ ಹತ್ತಿರ ನಿಂತ್ರೆ ಮಧ್ಯಾಹ್ನ ಮೇಲೆ ಈ ಕಡೆಯ ಗಿಡಗಳಿಗೆ ಬಿಸಿಲು ಬೇಗ ಹೋಗ್ತದೆ ಅಂತ ಒಬ್ಬರು ತೋರಿಸಿದ್ರು.

ಒಂದು ವಿಷಯ ಇಲ್ಲಿ ಹೇಳ್ಬೇಕು. ನಾವು ಫೋಟೋದಲ್ಲಿ ನೋಡುದು ಗೋಡೆಯನ್ನೇ, ಆದ್ರೆ ಇದರ ಹೆಚ್ಚಿನ ಭಾಗ ಗೋಡೆ ಅಲ್ಲ, ಬೇಲಿ. ಮಧ್ಯದಲ್ಲಿ ಸೆನ್ಸರ್ ಇರುವ ತಂತಿ, ಅದರ ಬದಿಯಲ್ಲಿ ಜೀಪ್ ಓಡಾಡುವ ರೋಡ್, ಕಾಲಿನ ಗುರುತು ಬೀಳಲಿ ಅಂತ ನಯ ಮಾಡಿದ ಮರಳಿನ ಪಟ್ಟಿ, ಮತ್ತೆ ಸುರುಳಿ ಮುಳ್ಳುತಂತಿ. ಒಟ್ಟು ಅಗಲ ನಮ್ಮ ಹೈವೇಗಿಂತ ಜಾಸ್ತಿ, ಆ ಅಗಲಕ್ಕೇ ಎಷ್ಟೋ ಜನರ ಭೂಮಿ ಹೋಗಿದೆ.

ಇಸ್ರೇಲ್ ಇದನ್ನು ಕಟ್ಲಿಕ್ಕೆ ಶುರು ಮಾಡಿದ್ದು 2002ರಲ್ಲಿ. ಎರಡನೇ ಇಂತಿಫಾದದ, ಅಂದ್ರೆ ಪ್ಯಾಲೆಸ್ತೀನಿಯರ ದಂಗೆಯ ಸಮಯ, ಆ ವರ್ಷ ಮಾರ್ಚ್‌ನಲ್ಲಿ ನೆತಾನ್ಯದ ಪಾರ್ಕ್ ಹೋಟೆಲಿನಲ್ಲಿ ಹಬ್ಬದ ಊಟಕ್ಕೆ ಕೂತಿದ್ದ 30 ಜನ ಆತ್ಮಾಹುತಿ ಬಾಂಬ್‌ಗೆ ಸತ್ತಿದ್ರು. ಅದು ಸಣ್ಣ ವಿಷಯ ಅಂತ ನಾನು ಹೇಳುದೇ ಇಲ್ಲ. ಭದ್ರತೆಗೆ ಬೇಲಿ ಬೇಕು ಅಂದ್ರೆ ತಮ್ಮ ಗಡಿಯಲ್ಲೇ, ಅಂದ್ರೆ ಇಸ್ರೇಲಿಗೂ ವೆಸ್ಟ್ ಬ್ಯಾಂಕಿಗೂ ನಡುವಿನ ಗ್ರೀನ್ ಲೈನ್ ಅಂತ ಹೇಳ್ತಾರಲ್ಲ, ಅದರ ಮೇಲೆಯೇ ಹಾಕಬಹುದಿತ್ತು, ಆ ಗೆರೆ ಸುಮಾರು 320 ಕಿಲೋಮೀಟರ್. ಇವರು ಪ್ಲಾನ್ ಮಾಡಿದ ಬೇಲಿ 712 ಕಿಲೋಮೀಟರ್, ಅದರಲ್ಲಿ ಸುಮಾರು 85 ಪರ್ಸೆಂಟ್ ವೆಸ್ಟ್ ಬ್ಯಾಂಕಿನ ಒಳಗೆ. ಯಾಕೆ ಇಷ್ಟು ಸುತ್ತು ಅಂದ್ರೆ ಒಳಗೆ ಇಸ್ರೇಲಿಗಳು ಕಟ್ಟಿಕೊಂಡಿರುವ ಊರುಗಳನ್ನು, ಅಂದ್ರೆ ಸೆಟಲ್‌ಮೆಂಟ್‌ಗಳನ್ನು ತಮ್ಮ ಬದಿಗೆ ಸೇರಿಸಿಕೊಳ್ಳಲಿಕ್ಕೆ. ಇದು ನನ್ನ ಊಹೆ ಅಲ್ಲ, ಇಲ್ಲೇ ಪಕ್ಕದ ಅಝ್ಝೂನ್, ನಬಿ ಇಲ್ಯಾಸ್ ಊರಿನವರು ಹಾಕಿದ ಕೇಸಿನಲ್ಲಿ 2006ರಲ್ಲಿ ಇಸ್ರೇಲಿನ ಸುಪ್ರೀಂ ಕೋರ್ಟೇ, ಈ ಬೇಲಿಯ ದಾರಿ ಹಾಕುವಾಗ ಝುಫಿನ್ ಸೆಟಲ್‌ಮೆಂಟಿನ ವಿಸ್ತರಣೆ ಪ್ಲಾನ್ ಲೆಕ್ಕಕ್ಕೆ ತಗೊಂಡದ್ದನ್ನು ಸರ್ಕಾರ ಕೋರ್ಟಿಗೆ ಹೇಳದೆ ಮುಚ್ಚಿಟ್ಟಿದೆ ಅಂತ ಹೇಳಿ ಆ ಭಾಗ ಕಿತ್ತು ಹಾಕ್ಲಿಕ್ಕೆ ಆರ್ಡರ್ ಮಾಡಿತ್ತು. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 2004ರಲ್ಲೇ, ವೆಸ್ಟ್ ಬ್ಯಾಂಕಿನ ಒಳಗೆ ಇದನ್ನು ಕಟ್ಟುದು ಕಾನೂನಿಗೆ ವಿರುದ್ಧ ಅಂತ ಅಭಿಪ್ರಾಯ ಕೊಟ್ಟಾಗಿದೆ.

ಈ ಬೇಲಿಗೂ ಗ್ರೀನ್ ಲೈನಿಗೂ ನಡುವೆ ಸಿಕ್ಕಿಬಿದ್ದ ಜಾಗಕ್ಕೆ ಸೀಮ್ ಝೋನ್ ಅಂತ ಹೆಸರು. 2003ರಲ್ಲಿ ಅದನ್ನು ಮುಚ್ಚಿದ ಮಿಲಿಟರಿ ಪ್ರದೇಶ ಅಂತ ಘೋಷಿಸಿದ್ರು. ಹಾಜಿಯ ದೊಡ್ಡ ತೋಟ ಇರುದು ಅದರ ಒಳಗೆ.

ದಿನ 3

ಇವತ್ತು ಹಾಜಿಯ ದೊಡ್ಡ ತೋಟಕ್ಕೆ ಹೋಗ್ಲಿಕ್ಕೆ ಬೇಲಿಯಲ್ಲಿ ಇಟ್ಟ ಗೇಟ್. ಬೆಳಿಗ್ಗೆ ಐದಕ್ಕೆ ಹಜ್ಜೆ ಎಬ್ಬಿಸಿದ್ರು, ಬಿಸಿ ತಬೂನ್ ರೊಟ್ಟಿ, ಎಣ್ಣೆ, ಝಾತರ್ ತಿಂದು ಹೊರಟೆವು. ಕತ್ತಲೆ, ಚಳಿ. ಹಾಜಿ ಕತ್ತೆ ಮೇಲೆ ಕಟ್ಟಿದ್ದು ಎರಡು ಟಾರ್ಪಾಲು, ಖಾಲಿ ಗೋಣಿ, ಒಂದು ಸಣ್ಣ ಏಣಿ, ನೀರಿನ ಕ್ಯಾನ್, ಚಹಾದ ಪಾತ್ರೆ. ಅವರಲ್ಲಿ ಟ್ರ್ಯಾಕ್ಟರ್ ಉಂಟು, ಆದ್ರೆ ಗಾಡಿಗೆ ಬೇರೆ ಪರ್ಮಿಟ್ ಬೇಕು, ಅದು ಈ ವರ್ಷ ಸಿಗ್ಲಿಲ್ಲ, ಹಾಗೆ ಟ್ರ್ಯಾಕ್ಟರ್ ಅಂಗಳದಲ್ಲಿ ನಿಂತಿದೆ, ಕತ್ತೆ ಹೋಗ್ತಾ ಇದೆ.

ನಾವು ಮುಟ್ಟುವಾಗ ಇಪ್ಪತ್ತು ಜನ ಆಗಲೇ ಇದ್ರು, ಹೆಚ್ಚಿನವರು ಅರವತ್ತರ ಮೇಲಿನವರು. ಎಳೆಯರು ಯಾಕಿಲ್ಲ ಅಂತ ಕೇಳ್ಬೇಕು ಅನ್ನುವಷ್ಟರಲ್ಲಿ ನನ್ನ ಪಕ್ಕ ನಿಂತ ಮಗನ ಮುಖ ನೋಡಿ ಸುಮ್ಮನಾದೆ, ಅವ ಅಪ್ಪನನ್ನು ಬಿಟ್ಟು ಬರ್ಲಿಕ್ಕೆ ಮಾತ್ರ ಬಂದದ್ದು. ಗೇಟ್ ಅಂದ್ರೆ ಹಳದಿ ಕಬ್ಬಿಣದ್ದು, ಪಕ್ಕದಲ್ಲಿ ಬೋರ್ಡ್, ಬೆಳಿಗ್ಗೆ ಇಷ್ಟು ಹೊತ್ತಿಗೆ, ಮಧ್ಯಾಹ್ನ ಇಷ್ಟಕ್ಕೆ, ಸಂಜೆ ಇಷ್ಟಕ್ಕೆ, ಪ್ರತಿ ಸಲ ಸ್ವಲ್ಪ ಹೊತ್ತು ಮಾತ್ರ ತೆರೀತಾರೆ. ಬೋರ್ಡಿನ ಟೈಮ್ ಆಯ್ತು, ಜೀಪ್ ಬರ್ಲಿಲ್ಲ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಯಾರೂ ಗಲಾಟೆ ಮಾಡುದಿಲ್ಲ. ಒಬ್ಬರು ಸಿಗರೇಟು ಹಚ್ಚಿದ್ರು, ಕತ್ತೆಗಳು ಅಲ್ಲೇ ಹುಲ್ಲು ಮೇಯ್ಲಿಕ್ಕೆ ಶುರು ಮಾಡಿದ್ವು. ನಲವತ್ತು ನಿಮಿಷ ಕಳೆದು ಜೀಪ್ ಬಂತು, ನಾಲ್ಕು ಜನ ಸೈನಿಕರು, ಎಲ್ಲರೂ ಇಪ್ಪತ್ತರ ಆಸುಪಾಸಿನ ಮಕ್ಕಳು.

ಆಮೇಲೆ ಒಬ್ಬೊಬ್ಬರನ್ನೇ ಕರೀತಾರೆ. ಹಾಜಿ ಹಸಿರು ಕವರಿನ ಐಡಿ ಕಾರ್ಡ್ ತೆಗೆದ್ರು, ಅದರ ಒಳಗಿಂದ ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟ ತಸ್ರೀಹ್, ಅಂದ್ರೆ ಪರ್ಮಿಟ್ ಕಾಗದ, ಮಡಚಿ ಮಡಚಿ ಗೆರೆ ಬಿದ್ದ ಕಡೆ ಸೆಲ್ಲೋಟೇಪ್ ಹಚ್ಚಿದ್ದು. ಹುಡುಗ ಕಾಗದ ನೋಡಿದ, ಮುಖ ನೋಡಿದ, ಗೋಣಿ ಬಿಚ್ಚಲಿಕ್ಕೆ ಹೇಳಿದ. ಖಾಲಿ ಗೋಣಿ. ಆ ವಯಸ್ಸಿನ ಮನುಷ್ಯ ಆ ಚಳಿಯಲ್ಲಿ ನಿಧಾನಕ್ಕೆ ಹಗ್ಗದ ಗಂಟು ಬಿಚ್ಚಿ ಖಾಲಿ ಗೋಣಿ ಕೊಡವಿ ತೋರಿಸಿ ಮತ್ತೆ ಗಂಟು ಹಾಕುದನ್ನು ನೋಡುವಾಗ ನನಗೆ ನನ್ನ ಅಪ್ಪನ ನೆನಪಾಗಿ ಗಂಟಲು ಕಟ್ಟಿತು. ನಮ್ಮಲ್ಲಿ ಅಪ್ಪ ಬೆಳಿಗ್ಗೆ ಎದ್ದು ಟಾರ್ಚ್ ಹಿಡಿದು ತೋಟಕ್ಕೊಂದು ಸುತ್ತು ಹೋಗಿ ಬರ್ತಾರೆ, ಕೆಲಸ ಇಲ್ಲದಿದ್ರೂ ಹೋಗ್ತಾರೆ, ಅದಕ್ಕೆ ಯಾರಿಗೂ ಕಾರಣ ಹೇಳ್ಲಿಕ್ಕಿಲ್ಲ.

ನಾನೂ ಪಾಸ್‌ಪೋರ್ಟ್ ತೋರಿಸಿದೆ. ಈ ಗೇಟ್ ಇಲ್ಲಿನ ರೈತರಿಗೆ ಮಾತ್ರ ಅಂತ ವಾಪಸ್ ಕಳಿಸಿದ್ರು. ಹಾಜಿ, ಹಜ್ಜೆ ಆಚೆ ದಾಟಿದ್ರು, ಬೀಗ ಬಿತ್ತು, ಜೀಪ್ ಹೋಯ್ತು. ಆ ಮೇಲೆ ಏನೇ ಆಗಲಿ, ಹಾವು ಕಚ್ಚಲಿ, ಏಣಿಯಿಂದ ಬೀಳಲಿ, ಮುಂದಿನ ಸಲ ಗೇಟ್ ತೆರೆಯುವವರೆಗೆ ಈ ಕಡೆ ಬರ್ಲಿಕ್ಕೆ ಇಲ್ಲ.

ಇದು ದಿನಾ ತೆರೆಯುವ ಗೇಟ್, ಅಂದ್ರೆ ಒಳ್ಳೆ ಗೇಟ್ ಅಂತ ಮಗ ಹೇಳಿದ. ವಿಶ್ವಸಂಸ್ಥೆಯವರು 2016ರಲ್ಲಿ ಲೆಕ್ಕ ಹಾಕಿದಾಗ ಇಂಥ ಕೃಷಿ ಗೇಟುಗಳು 84 ಇದ್ವು, ದಿನಾ ತೆರೆಯುವುದು ಬರೇ 9. ಹೆಚ್ಚಿನವು ಆಲಿವ್ ಕೊಯ್ಲಿನ ಸಮಯ ಮಾತ್ರ ತೆರೆಯುವಂಥವು. ಕೊಯ್ಲಿಗೆ ಬಿಟ್ರೆ ಸಾಕಲ್ಲ ಅಂತ ಕಾಣಬಹುದು, ಆದ್ರೆ ತೋಟ ಮಾಡಿದವರಿಗೆ ಗೊತ್ತುಂಟು, ಕೊಯ್ಲು ಕೊನೆಯ ಕೆಲಸ. ಉಳುಮೆ, ಗೆಲ್ಲು ಸವರುದು, ಗೊಬ್ಬರ, ಮುಳ್ಳು ಕಡಿಯುದು, ಅದೆಲ್ಲ ಯಾವಾಗ ಮಾಡುದು? ನಮ್ಮಲ್ಲಿ ಮಳೆ ಬಿಟ್ಟ ಎರಡು ದಿನದಲ್ಲಿ ಅಡಿಕೆಗೆ ಮದ್ದು ಬಿಡದಿದ್ರೆ ಕೊಳೆರೋಗ ಬಂದು ಇಡೀ ವರ್ಷದ ಬೆಳೆ ನೆಲಕ್ಕೆ. ಆ ಎರಡು ದಿನ ತೋಟಕ್ಕೆ ಬೀಗ ಹಾಕಿದ್ರೆ ಹೇಗಾದೀತು ಅಂತ ಯೋಚನೆ ಮಾಡಿ. ಬೇಲಿ ಆಚೆ ಮೊದಲು ಪೇರಳೆ, ಕಿತ್ತಳೆ, ಗ್ರೀನ್‌ಹೌಸಿನ ಟೊಮೆಟೊ ಮಾಡ್ತಿದ್ದ ಎಷ್ಟೋ ಜನ ಅದನ್ನೆಲ್ಲ ಬಿಟ್ಟು ಆಲಿವ್ ಒಂದನ್ನೇ ಇಟ್ಟುಕೊಂಡದ್ದು ಇದೇ ಕಾರಣಕ್ಕೆ, ಆಲಿವ್ ಸ್ವಲ್ಪ ಅಸಡ್ಡೆ ತಡೀತದೆ. ಆದ್ರೂ ಬೇಲಿ ಆಚೆಯ ಮರದಲ್ಲಿ ಈಚೆಯ ಮರಕ್ಕಿಂತ ಸುಮಾರು 60 ಪರ್ಸೆಂಟ್ ಕಮ್ಮಿ ಫಸಲು ಅಂತ ಅದೇ ವಿಶ್ವಸಂಸ್ಥೆಯ ಲೆಕ್ಕ ಉಂಟು.

ದಿನ 4

ಇವತ್ತು ಊರಿನ ಬದಿಯಲ್ಲಿ ಉಳಿದ ಸಣ್ಣ ತೋಟದಲ್ಲಿ ಮಗನೊಟ್ಟಿಗೆ ಕೊಯ್ಲು. ಟಾರ್ಪಾಲು ಹಾಸಿ, ಕೈಯಲ್ಲೇ ಗೆಲ್ಲನ್ನು ಹಸುವಿನ ಮೊಲೆ ಕರೆಯುವ ಹಾಗೆ ಜಾರಿಸಿ ಎಳೆದ್ರೆ ಕಾಯಿ ಪಟಪಟ ಬೀಳ್ತದೆ. ಈ ವರ್ಷ ತುಂಬು ವರ್ಷ, ಅವರು ಮಾಸಿ ಅಂತ ಹೇಳುದು, ಮರುವರ್ಷ ಕಾಯಿ ಕಮ್ಮಿ, ಅದಕ್ಕೆ ಶಲತೂನಿ. ನಮ್ಮ ಮಾವಿನ ಮರದ ಹಾಗೇ. ಹಸಿ ಆಲಿವ್ ಒಂದು ಬಾಯಿಗೆ ಹಾಕಿ ನೋಡಿದೆ, ಕಹಿ ಅಂದ್ರೆ ಕಹಿ, ಮಧ್ಯಾಹ್ನದವರೆಗೆ ನಾಲಿಗೆಯಲ್ಲಿ ಇತ್ತು.

ಊಟಕ್ಕೆ ಕೂತಾಗ ಮಗ ತನ್ನ ಪರ್ಮಿಟ್ ರಿಜೆಕ್ಟ್ ಆದ ಕಾಗದ ತೋರಿಸಿದ. ಅದರ ಕಥೆ ನಮ್ಮ ಊರಿನವರಿಗೆ ಎಲ್ಲರಿಗಿಂತ ಬೇಗ ಅರ್ಥ ಆಗ್ತದೆ. ಬೇಲಿ ಆಚೆ ಇವರದ್ದು ಎರಡು ತುಂಡು ಭೂಮಿ. ದೊಡ್ಡದು ಹಾಜಿಯ ಹೆಸರಲ್ಲಿ, ಹಾಗಾಗಿ ಅವರಿಗೆ ಸಿಗ್ತದೆ. ಸಣ್ಣದು ಮೂರು ದುನಮ್, ಒಂದು ದುನಮ್ ಅಂದ್ರೆ ಸಾವಿರ ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆಗೆ ಹತ್ತಿರ. ಅದು ಹಜ್ಜೆಯ ತಂದೆಯ ಕಡೆಯದ್ದು, ಕಾಗದದಲ್ಲಿ ಇನ್ನೂ ಅಜ್ಜನ ಹೆಸರೇ, ನಮ್ಮ ಪಹಣಿಯಲ್ಲಿ ಎಷ್ಟೋ ಮನೆಯಲ್ಲಿ ಇರುವ ಹಾಗೆ. ಮಗ ಅರ್ಜಿ ಹಾಕಿದ್ದು ಈ ತುಂಡಿನ ಮೇಲೆ. ಪರ್ಮಿಟ್ ಕೊಡುವ ಇಸ್ರೇಲಿ ಆಫೀಸಿನವರು ಎಂತ ಮಾಡಿದ್ರು ಅಂದ್ರೆ ಮೂರು ದುನಮನ್ನು ಹತ್ತು ವಾರಸುದಾರರಿಗೆ ಭಾಗಿಸಿದ್ರು, ಒಬ್ಬೊಬ್ಬರಿಗೆ 300 ಚದರ ಮೀಟರ್ ಬಂತು. 2017ರಲ್ಲಿ ಒಂದು ರೂಲ್ ತಂದಿದ್ರು, 330 ಚದರ ಮೀಟರಿಗಿಂತ ಕಮ್ಮಿ ಇದ್ರೆ ಅದಕ್ಕೆ ಕೃಷಿಯ ಅಗತ್ಯವೇ ಇಲ್ಲ ಅಂತ. ಅಂದ್ರೆ ಹತ್ತು ಜನರಲ್ಲಿ ಒಬ್ಬನಿಗೂ ಅಗತ್ಯ ಇಲ್ಲ, ಮೂರು ದುನಮ್ ತೋಟ ಹಾಗೇ ಬಿದ್ದಿರ್ತದೆ.

ಮರ ಅಲ್ಲೇ ಉಂಟು, ಭಾಗ ಆದದ್ದು ಲೆಕ್ಕದಲ್ಲಿ ಮಾತ್ರ. ಕೂಡು ಕುಟುಂಬದ ಆಸ್ತಿ ಅಂದ್ರೆ ಒಬ್ಬ ಮಾಡಿ ಎಲ್ಲರೂ ಹಂಚಿಕೊಳ್ಳುದು, ಅದು ಅವರಲ್ಲೂ ಹಾಗೇ ನಮ್ಮಲ್ಲೂ ಹಾಗೇ. ಅದನ್ನು ಗೊತ್ತಿಲ್ಲದೆ ಬರೆದ ರೂಲ್ ಅಂತ ನನಗೆ ಅನ್ನಿಸುದಿಲ್ಲ. ಹಮೊಕೆದ್ ಅಂತ ಇಸ್ರೇಲಿನದ್ದೇ ಒಂದು ಮಾನವ ಹಕ್ಕು ಸಂಸ್ಥೆ ಉಂಟು, ಅವರು ಮಿಲಿಟರಿಯಿಂದಲೇ ಮಾಹಿತಿ ತೆಗೆಸಿದ್ದಾರೆ, 2014ರಲ್ಲಿ ರೈತರ ಅರ್ಜಿಯಲ್ಲಿ 24 ಪರ್ಸೆಂಟ್ ರಿಜೆಕ್ಟ್ ಆಗಿದ್ರೆ 2018ಕ್ಕೆ ಅದು 72 ಪರ್ಸೆಂಟ್. ಮಗ ಅವರ ಮೂಲಕವೇ ಅಪೀಲ್ ಹಾಕಿದ್ದಾನೆ.

ಅವನಿಗೆ ಇನ್ನೊಂದು ಹೆದರಿಕೆ ಉಂಟು, ಅದನ್ನು ಹೇಳುವಾಗ ಧ್ವನಿ ಸಣ್ಣ ಮಾಡಿದ. ತುರ್ಕರ ಕಾಲದ 1858ರ ಒಂದು ಭೂಮಿ ಕಾನೂನು ಅಲ್ಲಿ ಇನ್ನೂ ಜಾರಿಯಲ್ಲಿದೆ, ಮೂರು ವರ್ಷ ಉಳುಮೆ ಮಾಡದೆ ಬಿಟ್ಟ ಭೂಮಿ ಸರ್ಕಾರದ್ದು ಅಂತ ಆಗಬಹುದು. ಒಳಗೆ ಬಿಡದವರೇ ನಾಳೆ ನೀನು ಉಳಲಿಲ್ಲ ಅಂತ ಹೇಳಬಹುದು. ಅವ ಆ ತೋಟ ನೋಡದೆ ಆಗಲೇ ಎರಡು ವರ್ಷ ಆಗಿತ್ತು.

ದಿನ 5

ಸುತ್ತು ಹಾಕಿ ಜೆರುಸಲೇಮ್ ಮೂಲಕ ರಾತ್ರಿಯೇ ಅಕ್ಕನ ಹತ್ತಿರ ಬಂದಿದ್ದೆ. ಅಕ್ಕನಿಗೆ ನಾನು ಆ ಕಡೆ ಹೋದದ್ದು ಇಷ್ಟ ಇರ್ಲಿಲ್ಲ. "ನಿಂಗೆಂತಕ್ಕೆ ಮಾರಾಯ ಬೇಡದ ಉಸಾಬರಿ, ಅಮ್ಮನಿಗೆ ಗೊತ್ತಾದ್ರೆ ನನ್ನನ್ನು ಬೈತಾರೆ" ಅಂತ ಶುರು ಮಾಡಿದ್ಲು. ಅವಳು ನೋಡಿಕೊಳ್ಳುವ ಅಜ್ಜಿ ಪಾಪ ನನಗೆ ಕೇಕ್ ಕೊಟ್ರು, ಬಸ್ಸಲ್ಲಿ ಬಾಂಬ್ ಒಡೀತಿದ್ದ ಆ ವರ್ಷಗಳಲ್ಲಿ ಮೊಮ್ಮಕ್ಕಳನ್ನು ಶಾಲೆಗೆ ಕಳಿಸ್ಲಿಕ್ಕೂ ಹೆದರಿಕೆ ಇತ್ತು ಅಂತ ಹೇಳಿದ್ರು. ಆ ಹೆದರಿಕೆ ಸುಳ್ಳಲ್ಲ, ಅವರ ಕೈ ನಡುಗ್ತಾ ಇತ್ತು. ಆದ್ರೆ ಹಾಜಿಯ ಖಾಲಿ ಗೋಣಿಗೂ ಆ ಹೆದರಿಕೆಗೂ ಸಂಬಂಧ ಹುಡುಕಿದ್ರೆ ನನಗಂತೂ ಸಿಗ್ಲಿಲ್ಲ.

ಮಖ್ಸೋಮ್ ವಾಚ್ ಅಂತ ಇಸ್ರೇಲಿ ಹೆಂಗಸರ ಒಂದು ಗುಂಪು 2001ರಿಂದ ಚೆಕ್‌ಪಾಯಿಂಟ್, ಗೇಟುಗಳ ಹತ್ತಿರ ಹೋಗಿ ನಿಂತು ಬರೆದಿಡುವ ಕೆಲಸ ಮಾಡ್ತದೆ. ಅದರಲ್ಲಿ ಇರುವ ಒಬ್ಬರು ಅಮ್ಮ, ವಯಸ್ಸು ಎಪ್ಪತ್ತರ ಹತ್ತಿರ, ತಮ್ಮ ಸಣ್ಣ ಕಾರಲ್ಲಿ ನನ್ನನ್ನು ಕರ್ಕೊಂಡು ಹೋದ್ರು. ಹೈವೇ 6ರಲ್ಲಿ ಹೋಗುವಾಗ ಬಲಕ್ಕೆ ನೋಡಿ ಅಂದ್ರು. ಮಣ್ಣಿನ ಏರಿ, ಮೇಲೆ ಗಿಡ ಬಳ್ಳಿ, ಮೇಲ್ಗಡೆ ಸ್ವಲ್ಪ ಮಾತ್ರ ಕಾಂಕ್ರೀಟ್. ಅದು ಕಲ್ಕೀಲಿಯದ ಅದೇ ಗೋಡೆ, ಮೊನ್ನೆ ನಾನು ಕತ್ತೆತ್ತಿ ನೋಡಿದ್ದು. ಈ ಕಡೆಯಿಂದ ಹೋಗುವವರಿಗೆ ಅಲ್ಲಿ ಒಂದು ಪೇಟೆ ಉಂಟು ಅಂತಲೇ ಗೊತ್ತಾಗುದಿಲ್ಲ.

ಅಲ್ಲಿಂದ ಬಲಕ್ಕೆ ತಿರುಗಿ, ಮಣ್ಣು ರೋಡ್. ಫೋನಲ್ಲಿ ಮಗ. ಅವ ಊರಲ್ಲಿ ಮನೆಯ ಮಾಳಿಗೆ ಮೇಲೆ ನಿಂತು ದಾರಿ ಹೇಳ್ತಾ ಇದ್ದ, ಬಾವಿ ದಾಟಿ ಎಡಕ್ಕೆ, ಒಂದು ದೊಡ್ಡ ಖರೂಬ್ ಮರ ಸಿಗ್ತದೆ, ಅಲ್ಲಿ ಕಾರ್ ನಿಲ್ಲಿಸಿ, ಕಲ್ಲಿನ ಕಟ್ಟೆ ಬದಿಯಲ್ಲೇ ಇಳೀರಿ. ಎಲ್ಲೂ ಗೇಟ್ ಇಲ್ಲ. ಯಾರೂ ಕೇಳ್ಲಿಲ್ಲ. ಸೀಮ್ ಝೋನಿಗೆ ಬರ್ಲಿಕ್ಕೆ ಇಸ್ರೇಲಿನವರಿಗೆ ಬೇರೆ ಪರ್ಮಿಟ್ ಬೇಡ, ಟೂರಿಸ್ಟ್ ವೀಸಾ ಇರುವ ನನ್ನಂಥ ವಿದೇಶಿಗೂ ಬೇಡ, ಬೇಕಾದ್ದು ಆ ಭೂಮಿಯ ಯಜಮಾನನಿಗೆ. ಇದನ್ನು ಓದಿ ತಿಳಿದಿದ್ದೆ, ಆದ್ರೆ ಕಾರಿಂದ ಇಳಿದು ಆ ಮಣ್ಣಿನ ಮೇಲೆ ಕಾಲಿಟ್ಟಾಗ ಬಂದ ನಾಚಿಕೆ ಹೇಗೆ ಬರೆಯುದು ಅಂತ ಇವತ್ತಿಗೂ ಗೊತ್ತಾಗುದಿಲ್ಲ. ಬೆಳ್ತಂಗಡಿಯಿಂದ ಬಂದ ನಾನು ಕ್ಫಾರ್ ಸಬಾದಿಂದ ಅರ್ಧ ಗಂಟೆಯಲ್ಲಿ ಅಲ್ಲಿದ್ದೆ, ಅಲ್ಲೇ ಹುಟ್ಟಿದವ ಮಾಳಿಗೆ ಮೇಲೆ ನಿಂತು ದಾರಿ ಹೇಳ್ತಾ ಇದ್ದ.

ಹಾಜಿ ದೊಡ್ಡ ತೋಟದಲ್ಲಿ ಮರದ ಅಡಿ ಇದ್ರು, ಬೆಳಿಗ್ಗೆ ಗೇಟಲ್ಲಿ ಬಂದವರು. ನನ್ನನ್ನು ನೋಡಿ "ಅಹ್ಲನ್, ಅಹ್ಲನ್" ಅಂತ ಮನೆಗೆ ಬಂದ ನೆಂಟನನ್ನು ಕರೆಯುವ ಹಾಗೇ ಕರೆದ್ರು. ಒಣ ಗೆಲ್ಲು ಒಟ್ಟು ಮಾಡಿ ಬೆಂಕಿ ಹಾಕಿ ಚಹಾ ಮಾಡಿದ್ರು, ಆ ಇಸ್ರೇಲಿ ಅಮ್ಮನಿಗೆ ಮೊದಲು ಕೊಟ್ರು. ಮತ್ತೆ ಮೂರು ಗಂಟೆಯವರೆಗೆ ಕೊಯ್ದೆವು. ಮರ ಸವರದೆ ಗೆಲ್ಲೆಲ್ಲ ಒಳಗೊಳಗೆ ಹೆಣೆದುಕೊಂಡಿದೆ, ನೆಲದಲ್ಲಿ ಮೊಣಕಾಲೆತ್ತರ ಒಣ ಮುಳ್ಳು, ಟಾರ್ಪಾಲು ಹಾಸಿದ್ರೆ ಸಮ ನಿಲ್ಲುದಿಲ್ಲ, ಕಾಯಿಯೂ ಸಣ್ಣ. ಇಬ್ಬರು ಮುದುಕರು ಅಷ್ಟು ಮರ ಯಾವಾಗ ಮುಗಿಸುದು. ಆಮೇಲೆ ಸಣ್ಣ ತೋಟಕ್ಕೂ ಹೋಗಿ, ಮಗ ಕೇಳಿದ್ದ ಹಾಗೆ ಒಂದೊಂದೇ ಮರದ ವಿಡಿಯೋ ಮಾಡಿದೆ.

ಮೂರೂವರೆಗೆ ಹಾಜಿ ವಾಚ್ ನೋಡ್ಲಿಕ್ಕೆ ಶುರು ಮಾಡಿದ್ರು. ಗೋಣಿ ಕತ್ತೆ ಮೇಲೆ ಏರಿಸಿದೆವು. ಅವರು ಪೂರ್ವಕ್ಕೆ ಗೇಟ್ ಕಡೆ, ನಾವು ಪಶ್ಚಿಮಕ್ಕೆ ಕಾರಿನ ಕಡೆ.

ದಿನ 6

ಮತ್ತೆ ಅದೇ ಸುತ್ತು ದಾರಿಯಲ್ಲಿ ಹಳ್ಳಿಗೆ, ಬ್ಯಾಗ್ ಅಲ್ಲೇ ಇತ್ತು. ಸಂಜೆ ಮಾಸರ, ಅಂದ್ರೆ ಎಣ್ಣೆ ಗಾಣಕ್ಕೆ ಹೋದೆವು. ಊರಿಗೆ ಊರೇ ಅಲ್ಲಿ, ಗೋಣಿ ಇಟ್ಟುಕೊಂಡು ಸರತಿ ಕಾಯ್ತಾ ಹರಟೆ. ಹೊಸ ಎಣ್ಣೆ ನಲ್ಲಿಯಿಂದ ಬರುವಾಗ ಹಸಿರು, ಗಂಟಲಿಗೆ ಸ್ವಲ್ಪ ಖಾರ. ಬಿಸಿ ರೊಟ್ಟಿ ತಂದು ಅದ್ದಿ ಎಲ್ಲರಿಗೂ ಹಂಚ್ತಾರೆ.

ಅಲ್ಲೇ ಬೆಂಚಲ್ಲಿ ಕೂತು ಮಗನಿಗೆ ವಿಡಿಯೋ ತೋರಿಸಿದೆ. ಅವ ಅಳಬಹುದು ಅಂತ ಹೆದರಿದ್ದೆ. ಅವ ಸ್ಕ್ರೀನನ್ನು ಎರಡು ಬೆರಳಲ್ಲಿ ದೊಡ್ಡ ಮಾಡಿ ಮರದ ಬುಡವನ್ನೇ ನೋಡ್ತಾ ಇದ್ದ. ಬುಡದಿಂದ ಎದ್ದ ಚಿಗುರು ಲೆಕ್ಕ ಮಾಡ್ತಾ ಇದ್ದ, ಇದನ್ನು ತೆಗೀದಿದ್ರೆ ಮರದ ಶಕ್ತಿ ಎಲ್ಲ ಇದಕ್ಕೇ ಹೋಗ್ತದೆ, ಈ ಏಳನೇ ಮರಕ್ಕೆ ಹುಳ ಬಿದ್ದ ಹಾಗೆ ಕಾಣ್ತದೆ, ಅಪ್ಪನಿಗೆ ಹೇಳ್ಬೇಕು, ಕಟ್ಟೆಯ ಕಲ್ಲು ಎರಡು ಕಡೆ ಜಾರಿದೆ ಅಂತ ಒಂದೊಂದೇ ಹೇಳಿ ಕಾಗದದಲ್ಲಿ ಬರ್ಕೊಂಡ. ಆ ಹೊತ್ತಲ್ಲಿ ಅವ ಪೂರ್ತಿ ತೋಟದ ಒಳಗೇ ಇದ್ದ.

ಹೊರಡುವಾಗ ಹಜ್ಜೆ ಎರಡು ಲೀಟರ್ ಎಣ್ಣೆ ಕಟ್ಟಿಕೊಟ್ರು, ಅಮ್ಮನಿಗೆ ಅಂತ.

ಮತ್ತೆ

ಮಗನ ಅಪೀಲ್ ವರ್ಷ ಕಳೆದು ಪಾಸಾಯ್ತು, ಎರಡು ಕೊಯ್ಲು ಅವ ಹೋದ, ಚಿಗುರು ಸವರಿದ ಫೋಟೋ ಕಳಿಸಿದ್ದ. 2023 ಅಕ್ಟೋಬರ್ 7ರ ಹಮಾಸ್ ದಾಳಿಯ ನಂತರ ಗೇಟುಗಳು ಮುಚ್ಚಿದ್ವು, ಇದ್ದ ಪರ್ಮಿಟ್ ಕೂಡ ಉಪಯೋಗಕ್ಕೆ ಇಲ್ಲ. ಆ ವರ್ಷ ವೆಸ್ಟ್ ಬ್ಯಾಂಕ್ ಇಡೀ ಸೇರಿ 96,000 ದುನಮ್‌ಗಿಂತ ಜಾಸ್ತಿ ಆಲಿವ್ ತೋಟ ಕೊಯ್ಯದೆ ಹಾಗೇ ಉಳಿಯಿತು ಅಂತ ವಿಶ್ವಸಂಸ್ಥೆ ಹೇಳಿದೆ. ಅದರಲ್ಲಿ ಹಾಜಿಯದ್ದೂ ಸೇರಿತು.

ಆ ನವೆಂಬರ್‌ನಲ್ಲಿ ಮಗನ ಮೆಸೇಜ್ ಬಂತು. ಫೋನ್ ಬದಲಾಯಿಸುವಾಗ ಹಳೆಯದೆಲ್ಲ ಹೋಗಿದೆ, 2019ರ ಆ ವಿಡಿಯೋ ನಿನ್ನ ಹತ್ತಿರ ಉಂಟಾ, ಅಪ್ಪ ಕೇಳ್ತಾ ಇದ್ದಾರೆ, ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಅಂಗಳದಲ್ಲಿ ಕೂರ್ತಾರೆ ಅಂತ. ಲ್ಯಾಪ್‌ಟಾಪಲ್ಲಿ ಹುಡುಕಿದೆ, ಇತ್ತು. ಹನ್ನೊಂದು ಫೈಲ್, ಒಂದೊಂದಾಗಿ ಕಳಿಸಿದೆ.